ತೆಳು ವಾಚಿನ ಆಸೆ, ಸಾಮಾನ್ಯನ ಜೇಬು

ಕೈಗಡಿಯಾರದ ಲೋಕದಲ್ಲಿ ತೆಳುತನವೆಂಬುದು ಈಚಿನ ವರ್ಷಗಳಲ್ಲಿ ಕೋಟ್ಯಧೀಶರ ಪಂದ್ಯವಾಗಿಬಿಟ್ಟಿದೆ. 2018ರಲ್ಲಿ ಪಿಯಾಜೆ ಕಂಪನಿಯು ಒಟ್ಟು 2 ಮಿ.ಮೀ. ದಪ್ಪದ, ಬ್ಯಾಟರಿಯ ಹಂಗಿಲ್ಲದೆ ಸ್ಪ್ರಿಂಗಿನ ಬಲದಿಂದಲೇ ನಡೆಯುವ ವಾಚೊಂದನ್ನು ತೋರಿಸಿತು. 2022ರಲ್ಲಿ ಬುಲ್ಗಾರಿ ಅದನ್ನು 1.80ಕ್ಕೆ ಇಳಿಸಿತು; ಅದೇ ವರ್ಷ ರಿಷಾರ್ ಮಿಲ್ ಕಂಪನಿಯು ಫೆರಾರಿಯ ಹೆಸರು ಹೊತ್ತ ವಾಚಿನಲ್ಲಿ 1.75ಕ್ಕೆ ಬಂತು. 2024ರಲ್ಲಿ ಬುಲ್ಗಾರಿ 1.70 ಎಂದರೆ, ರಷ್ಯದ ಕಾನ್‌ಸ್ತಾಂತಿನ್ ಚೈಕಿನ್ ಅದೇ ವರ್ಷ 1.65 ಮಿ.ಮೀ. ಮಾದರಿಯನ್ನು ಮುಂದಿಟ್ಟರು. ನಮ್ಮ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಅಂದರೆ ಎರಡು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟರೆ ಆಗುವಷ್ಟು ಜಾಗದೊಳಗೆ ಹೆಚ್ಚೂಕಡಿಮೆ ಗಿಯರು, ಸ್ಪ್ರಿಂಗು, ಮುಳ್ಳು, ಗಾಜು ಎಲ್ಲವನ್ನೂ ಅಡಗಿಸಿದ್ದಾರೆ. ಇವುಗಳ ಬೆಲೆಯಲ್ಲಿ ಬೆಂಗಳೂರಿನಲ್ಲಿ ಮನೆಯನ್ನೇ ಕೊಳ್ಳಬಹುದಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ತಿಂಗಳ ಸಂಬಳದಲ್ಲಿ ಬದುಕುವವನಿಗೆ, ಕೀ ಕೊಟ್ಟು ನಡೆಸುವ, ನಿಜವಾಗಿಯೂ ತೆಳುವಾದ, ಮದುವೆ ಮುಂಜಿಗೆ ಕಟ್ಟಿಕೊಂಡು ಹೋಗಬಹುದಾದ ಒಂದು ವಾಚು ಸಿಗುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಸಿಗುತ್ತದೆ, ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಲ್ಲ.

ಅಂಗಡಿಗೆ ಹೋಗಿ ಕೈಗೆಟುಕುವ ಬೆಲೆಯ ಮೆಕ್ಯಾನಿಕಲ್ ಡ್ರೆಸ್ ವಾಚು ತೋರಿಸಿ ಎಂದರೆ ಎದುರಿಗೆ ಬರುವುದು ಸಾಮಾನ್ಯವಾಗಿ ಜಪಾನಿನ ಆಟೊಮ್ಯಾಟಿಕ್. ನೋಡಲು ಚೆಂದ, ನಂಬಿಕೆಗೆ ಅರ್ಹ, ಆದರೆ ದಪ್ಪ. ಬಹಳ ಜನ ಮೆಚ್ಚುವ ಓರಿಯಂಟ್ ಬ್ಯಾಂಬಿನೊ ಉಬ್ಬಿದ ಗಾಜೂ ಸೇರಿ ಸುಮಾರು 12 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಇದಕ್ಕೆ ಕಾರಣ ಒಳಗಿದೆ. ನೂರಾರು ಸಣ್ಣ ಕಂಪನಿಗಳು ಬಳಸುವ ಸೈಕೊದ ಎನ್‌ಎಚ್35 ಮಿಷನ್ನಿನ ದಪ್ಪವೇ 5.32 ಮಿ.ಮೀ.; ಮಿಯೊಟಾ 8215 ಎಂಬುದು 5.67. ಕೈಯ ಅಲುಗಾಟಕ್ಕೆ ತಿರುಗುತ್ತ ಸ್ಪ್ರಿಂಗನ್ನು ಸುತ್ತುವ ಅರ್ಧಚಂದ್ರಾಕಾರದ ಲೋಹದ ತುಂಡೊಂದು, ಅದರ ಬೇರಿಂಗು, ಅದಕ್ಕೆ ಸೇರಿದ ಗಿಯರುಗಳು, ತಾರೀಖಿನ ತಟ್ಟೆ ಇವೆಲ್ಲ ಒಂದರ ಮೇಲೊಂದು ಮಹಡಿ ಕಟ್ಟುತ್ತವೆ. ಮಿಷನ್ನಿನ ಮೇಲೆ ಡಯಲು, ಡಯಲಿನ ಮೇಲೆ ಮೂರು ಮುಳ್ಳುಗಳು ಒಂದಕ್ಕೊಂದು ತಾಗದಂತೆ ಓಡಾಡಲು ಬೇಕಾದ ಜಾಗ, ಅದರ ಮೇಲೆ ಗಾಜು, ಅಡಿಯಲ್ಲಿ ಮುಚ್ಚಳ. ಹೀಗೆ ಕೂಡಿಸುತ್ತ ಹೋದರೆ ಹತ್ತು ಮಿ.ಮೀ. ದಾಟುವುದು ತಡವಾಗುವುದಿಲ್ಲ.

ಆದ್ದರಿಂದ ತೆಳು ವಾಚು ಬೇಕೆನ್ನುವವರು ಮೊದಲು ನೋಡಬೇಕಾದ್ದು ಮಿಷನ್ನಿನ ದಪ್ಪವನ್ನು. ಆಟೊಮ್ಯಾಟಿಕ್ಕೇ ಬೇಕೆಂದರೆ ಮಿಯೊಟಾದ 9015 ಇದೆ, 3.9 ಮಿ.ಮೀ.; ಸ್ವಿಟ್ಜರ್‌ಲೆಂಡಿನ ಇಟಿಎ 2892 ಇದೆ, 3.6. ಕೀ ಕೊಡುವ ಮಿಷನ್ನುಗಳ ಕಡೆಗೆ ತಿರುಗಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಇಟಿಎ 2801 ಎಂಬುದು 3.35 ಮಿ.ಮೀ.; 1971ರಲ್ಲಿ ಬಂದ ಪೆಸೊ 7001 ಬರೀ 2.5. ಸೋವಿಯತ್ ಒಕ್ಕೂಟದ 2209 ಎಂಬ ಮಿಷನ್ನು 2.9. ಜಾಹೀರಾತಿನಲ್ಲಿ ದಪ್ಪವನ್ನು ಹೇಳುವಾಗ ಕೆಲವರು ಗಾಜಿನ ಉಬ್ಬನ್ನು ಬಿಟ್ಟು ಲೆಕ್ಕ ಕೊಡುತ್ತಾರೆ ಎಂಬುದನ್ನೂ ಮರೆಯಬಾರದು. ಪಕ್ಕದಿಂದ ತೆಗೆದ ಚಿತ್ರ ಇಲ್ಲದಿದ್ದರೆ ಅಂಥ ವಾಚಿನ ದಪ್ಪದ ಬಗ್ಗೆ ನಾನು ಯಾವ ಅಂಕಿಯನ್ನೂ ನಂಬುವುದಿಲ್ಲ.

ತೆಳುವಾಗಿಸುವುದೆಂದರೆ ಎಲ್ಲ ಭಾಗಗಳನ್ನೂ ಸ್ವಲ್ಪ ಸ್ವಲ್ಪ ಉಜ್ಜಿ ಸಣ್ಣದಾಗಿಸುವುದು ಎಂದು ತೋರಬಹುದು. ಕಷ್ಟ ಇರುವುದು ಬೇರೆ ಕಡೆ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಮುಖ್ಯ ಸ್ಪ್ರಿಂಗು ಒಂದು ಉಕ್ಕಿನ ಪಟ್ಟಿ. ಅದು ಕೂರುವ ಡಬ್ಬಿ ತೆಳುವಾದಷ್ಟೂ ಪಟ್ಟಿಯ ಅಗಲ ಕಿರಿದಾಗುತ್ತದೆ, ಅಗಲ ಕಿರಿದಾದಷ್ಟೂ ಅದರ ಬಲ ಕುಗ್ಗುತ್ತದೆ. ಬಲ ಕುಗ್ಗಿದ ಮೇಲೆ, ಅತ್ತಿತ್ತ ತೂಗುತ್ತ ಕಾಲವನ್ನು ಅಳೆಯುವ ಬ್ಯಾಲೆನ್ಸ್ ಚಕ್ರವೂ ಹಗುರವಾಗಬೇಕು. ಹಗುರವಾದ ಚಕ್ರ ವಾಚು ಮಲಗಿದೆಯೋ ನಿಂತಿದೆಯೋ ಎಂಬುದಕ್ಕೆಲ್ಲ ಸ್ಪಂದಿಸಿ ಹಿಂದೆ ಮುಂದೆ ಆಗತೊಡಗುತ್ತದೆ. ಗಿಯರಿಗೂ ಗಿಯರಿಗೂ ನಡುವಿನ ಸಂದು ಎಷ್ಟು ಕಡಿಮೆಯೆಂದರೆ, ದಪ್ಪ ಮಿಷನ್ನಿನಲ್ಲಿ ಯಾವ ತೊಂದರೆಯನ್ನೂ ಕೊಡದ ಒಂದು ನೂಲಿನ ಎಳೆ ಇಲ್ಲಿ ಓಟವನ್ನೇ ನಿಲ್ಲಿಸಬಲ್ಲದು. ನಡುವಿನಲ್ಲಿ ಸೆಕೆಂಡ್ ಮುಳ್ಳು ಬೇಕೆಂದರೆ ಇನ್ನೂ ಕಷ್ಟ, ಏಕೆಂದರೆ ಗಂಟೆ ಮತ್ತು ನಿಮಿಷದ ಮುಳ್ಳುಗಳು ಕುಳಿತ ಅದೇ ಅಚ್ಚಿನ ಮೂಲಕ ಮೂರನೆಯದನ್ನೂ ಹಾಯಿಸಬೇಕು. 7001ರಲ್ಲಿ ಸೆಕೆಂಡ್ ಮುಳ್ಳು ಆರು ಗಂಟೆಯ ಬಳಿ ಪುಟ್ಟ ವೃತ್ತದಲ್ಲಿ ತಿರುಗುವುದಕ್ಕೂ ಅದರ ತೆಳುತನಕ್ಕೂ ಸಂಬಂಧವಿದೆ. ಪಂದ್ಯದ ಕೊನೆಯ ಹಂತದಲ್ಲಿರುವವರು ಇನ್ನೂ ಮುಂದೆ ಹೋಗಿ, ವಾಚಿನ ಹಿಂಬದಿಯ ಮುಚ್ಚಳವನ್ನೇ ಮಿಷನ್ನಿನ ತಳಹದಿಯನ್ನಾಗಿ ಮಾಡಿ ಒಂದು ಪದರವನ್ನು ಪೂರ್ತಿಯಾಗಿ ತೆಗೆದುಹಾಕುತ್ತಾರೆ, ಪಿಯಾಜೆಯ, ಒಟ್ಟು 3.65 ಮಿ.ಮೀ. ದಪ್ಪದ 900ಪಿ ವಾಚನ್ನು ಕಟ್ಟಿದ್ದು ಹಾಗೆ.

ಇಷ್ಟೆಲ್ಲ ಪಾಡು ಯಾಕೆ, ಸೆಲ್ ಹಾಕುವ ವಾಚು ಕೊಂಡರೆ ಆಯಿತಲ್ಲ ಎಂದು ಮನೆಯಲ್ಲಿ ಕೇಳಿದರು, ಕೇಳಿದ್ದರಲ್ಲಿ ನ್ಯಾಯವಿದೆ. ನಮ್ಮ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟನ್ 2002ರಲ್ಲೇ ಎಡ್ಜ್ ಎಂಬ ಕ್ವಾರ್ಟ್ಸ್ ವಾಚನ್ನು 3.5 ಮಿ.ಮೀ. ದಪ್ಪದಲ್ಲಿ, 1.15 ಮಿ.ಮೀ. ಮಿಷನ್ನಿನೊಂದಿಗೆ ತಂದಿತ್ತು. ಅದರ ಜಾಣ್ಮೆಯನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೂ ಕೀ ಕೊಡುವ ಚಟ ಹತ್ತಿದವನಿಗೆ ಅದರಲ್ಲಿ ಮಾಡಲು ಕೆಲಸವಿಲ್ಲ. ಬೆಳಗ್ಗೆ ಕಾಫಿಯ ಲೋಟವನ್ನು ಕೆಳಗಿಟ್ಟು ಹೆಬ್ಬೆರಳು ತೋರುಬೆರಳಿನ ನಡುವೆ ಕೀ ಹಿಡಿದು ಸುತ್ತಬೇಕು, ಸ್ಪ್ರಿಂಗು ಬಿಗಿಯಾಗುತ್ತ ಬರುವುದು ಬೆರಳಿಗೆ ತಿಳಿಯಬೇಕು. ಇದಕ್ಕೆ ತರ್ಕವಿಲ್ಲ, ವಾದಕ್ಕೂ ನಾನು ಬರುವುದಿಲ್ಲ.

ಕೀ ಕೊಡುವ ವಾಚು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾಗಿ, ಮುಂದೆ ತುಮಕೂರಿಗೂ ಹಬ್ಬಿ, 2016ರಲ್ಲಿ ಕೇಂದ್ರ ಸಚಿವ ಸಂಪುಟದ ತೀರ್ಮಾನದಿಂದ ವಾಚು ವಿಭಾಗ ಮುಚ್ಚಿಹೋದ ಕಥೆ ಎಲ್ಲರಿಗೂ ತಿಳಿದದ್ದೇ. ಜನತಾ, ಪೈಲಟ್, ಜವಾನ್, ಕೊಹಿನೂರ್‌ಗಳ ನಡುವೆ ಸೋನಾ ಎಂಬುದು ಚಿನ್ನದ ಲೇಪದ, ನಯವಾದ, ಉಳಿದವುಗಳಿಗಿಂತ ತೆಳುವಾಗಿ ಕಾಣುವ ವಾಚು. ಮದುವೆಯಲ್ಲಿ ಅಳಿಯನಿಗೆ ಕೊಡಲು ಹೇಳಿ ಮಾಡಿಸಿದಂತಿತ್ತು. ತೆಳು ವಾಚು ಬೇಕು, ಬೆಲೆ ಕಡಿಮೆಯಿರಬೇಕು, ರಿಪೇರಿ ಎಲ್ಲೆಂದರಲ್ಲಿ ಆಗಬೇಕು ಎನ್ನುವವರಿಗೆ ನಾನು ಮೊದಲು ಸೂಚಿಸುವುದು ಒಳ್ಳೆಯ ಸ್ಥಿತಿಯಲ್ಲಿರುವ ಸೋನಾವನ್ನೇ. ಆದರೆ ಸಂಗ್ರಾಹಕರು ಅತಿ ತೆಳು ಎಂದು ಕರೆಯುವ ಸಾಲಿಗೆ, ಅಂದರೆ ಮೂರು ಮಿ.ಮೀ.ಗಿಂತ ಕಡಿಮೆ ದಪ್ಪದ ಮಿಷನ್ನಿನ ಸಾಲಿಗೆ, ಅದು ಸೇರುವುದಿಲ್ಲ.

ಆ ಸಾಲಿನಲ್ಲಿ ಹೊಸದು ಬೇಕೆಂದರೆ 7001 ಹಾಕಿದ ವಾಚುಗಳಿವೆ. ಜರ್ಮನಿಯ ನೋಮೋಸ್ ತನ್ನ ಮೊದಲ ವಾಚುಗಳನ್ನು ಈ ಮಿಷನ್ನಿನ ಮೇಲೆಯೇ ಕಟ್ಟಿತ್ತು. ಇಂಗ್ಲೆಂಡಿನ ಕ್ರಿಸ್ಟೋಫರ್ ವಾರ್ಡ್ ಕಂಪನಿಯು ಮಾಲ್ವರ್ನ್ 595 ಎಂಬ ವಾಚನ್ನು ಇದೇ 7001ರಿಂದ ಮಾಡಿತ್ತು. ಹೆಸರಿನಲ್ಲಿರುವ ಅಂಕಿಯೇ ಅದರ ದಪ್ಪ, 5.95 ಮಿ.ಮೀ. ಇವೆಲ್ಲ ಬುಲ್ಗಾರಿಯ ಮುಂದೆ ಅಗ್ಗ, ನನ್ನ ಸಂಬಳದ ಮುಂದೆ ಅಲ್ಲ. ಉಳಿದದ್ದು ಹಳೆಯ ಮಾಲು. ಅದರಲ್ಲಿ ಸ್ವಿಸ್ ವಾಚುಗಳಿಗೆ ಹೆಸರಿನ ಬೆಲೆ ಕೊಡಬೇಕು. ಹೆಸರಿಗೆ ಬೆಲೆ ಕೊಡದೆ ಕೆಲಸಕ್ಕೆ ಮಾತ್ರ ಬೆಲೆ ಕೊಡಬಹುದಾದ ಜಾಗವೊಂದಿದ್ದರೆ ಅದು ಸೋವಿಯತ್ ವಾಚುಗಳ ಜಾಗ. ನವಕರ್ನಾಟಕದ ಮಳಿಗೆಯಲ್ಲಿ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳನ್ನು ಚಿಲ್ಲರೆ ಕಾಸಿಗೆ ಕೊಂಡು ಓದಿದ ತಲೆಮಾರಿಗೆ, ಗಟ್ಟಿ ರಟ್ಟಿನ ಆ ಪುಸ್ತಕಗಳ ಬೆಲೆ ನೋಡಿ ಆಗುತ್ತಿದ್ದ ಅಚ್ಚರಿ ನೆನಪಿರಬಹುದು. ಈ ವಾಚುಗಳ ಮುಂದೆ ನನಗಾದದ್ದು ಅದೇ ಅಚ್ಚರಿ.

2209ರ ಹಿನ್ನೆಲೆ ತಿಳಿದುಕೊಳ್ಳತಕ್ಕದ್ದು. ಅಮೆರಿಕದ ಓಹಾಯೊ ರಾಜ್ಯದಲ್ಲಿ ಮುಚ್ಚಿಹೋಗುತ್ತಿದ್ದ ಡ್ಯೂಬರ್-ಹ್ಯಾಂಪ್‌ಡನ್ ಎಂಬ ಕಂಪನಿಯ ಯಂತ್ರಗಳನ್ನು ಸೋವಿಯತ್ ಸರಕಾರ ಕೊಂಡು ತಂದು, 1930ರಲ್ಲಿ ಮಾಸ್ಕೋದಲ್ಲಿ ಮೊದಲ ವಾಚು ಕಾರ್ಖಾನೆಯನ್ನು ಆರಂಭಿಸಿತು. ಗಗಾರಿನ್ ಬಾಹ್ಯಾಕಾಶಕ್ಕೆ ಕಟ್ಟಿಕೊಂಡು ಹೋದ ವಾಚೂ ಅಲ್ಲಿಯದೇ. ಆ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ವಿಂಪೆಲ್ ಎಂಬ ಹೆಸರಿನಲ್ಲಿ 2.9 ಮಿ.ಮೀ.ನ ಮಿಷನ್ನಿರುವ ತೆಳು ವಾಚನ್ನು ತಂದಿತು. 1963ರ ಲೈಪ್‌ಜಿಗ್ ಮೇಳದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಮುಂದೆ ಈ ಮಿಷನ್ನಿನ ತಯಾರಿಕೆ ಬೆಲಾರುಸ್‌ನ ಮಿನ್ಸ್ಕ್‌ಗೆ ಹೋಗಿ, ಲೂಚ್ ಎಂಬ ಹೆಸರಿನಲ್ಲಿ ಬಹುಕಾಲ ನಡೆಯಿತು. ಸೋವಿಯತ್ ಮಿಷನ್ನುಗಳ ಅಂಕಿಯಲ್ಲಿ ಒಂದು ಅಚ್ಚುಕಟ್ಟಿದೆ: ಮೊದಲ ಎರಡಂಕಿ ವ್ಯಾಸ, ಇಲ್ಲಿ 22 ಮಿ.ಮೀ.; 09 ಎಂಬುದು ನಡುವಿನ ಸೆಕೆಂಡ್ ಮುಳ್ಳು ಮತ್ತು ಪೆಟ್ಟು ತಡೆಯುವ ಏರ್ಪಾಡು ಇರುವ, ಕೀ ಕೊಡುವ ಮಾದರಿಯ ಸಂಕೇತ. ಅಚ್ಚುಗಳು ಸವೆಯದಂತೆ ತಿರುಗಲು ಕೂರಿಸಿದ ಇಪ್ಪತ್ತಮೂರು ಕಲ್ಲುಗಳು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ನಡುವಿನ ಸೆಕೆಂಡ್ ಮುಳ್ಳನ್ನೂ ಇಟ್ಟುಕೊಂಡು ಮೂರು ಮಿ.ಮೀ.ಗಿಂತ ಕೆಳಗಿಳಿದದ್ದು ಸಣ್ಣ ಸಾಧನೆಯಲ್ಲ. ಬೇರೆಯವರಿಂದ ತಂದ ಯಂತ್ರ ಮತ್ತು ವಿದ್ಯೆಯಿಂದ ಶುರುವಾದ ಸರಕಾರಿ ಕಾರ್ಖಾನೆಯೊಂದು ಇಲ್ಲಿಯವರೆಗೆ ಬಂದಿತು ಎನ್ನುವಾಗ, ನಮ್ಮ ಜಾಲಹಳ್ಳಿಯ ಎಚ್‌ಎಂಟಿಯವರಿಗೂ ಇಂಥದ್ದೊಂದು ಅವಕಾಶ ಸಿಕ್ಕಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ನಾನು ಕೊಂಡದ್ದು ಲೂಚ್ 2209. ಹೊರದೇಶದ ಮಾರಾಟಗಾರರಿಂದ ತರಿಸಿದರೆ ಅಂಚೆಯ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ ಸೇರಿ ವಾಚಿನ ಬೆಲೆಯಷ್ಟೇ ಮತ್ತೆ ತೆರಬೇಕಾಗಬಹುದು. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದ ನಂತರ ಆ ಕಡೆಗೆ ಹಣ ಸಂದಾಯವೂ ಅಲ್ಲಿಂದ ಅಂಚೆಯೂ ತೊಡಕಿನ ವಿಷಯವಾಗಿವೆ. ಆದ್ದರಿಂದ ಭಾರತದಲ್ಲಿಯೇ ಇರುವ, ತಾನು ಕಟ್ಟಿಕೊಂಡ ವಾಚನ್ನು ಮಾರುತ್ತಿದ್ದ ಒಬ್ಬ ಸಂಗ್ರಾಹಕರಿಂದ 7,000 ರೂಪಾಯಿಯೊಳಗೆ ಕೊಂಡೆ. ಕೊಳ್ಳುವ ಮುನ್ನ ಕೇಳಿದ್ದು ಮೂರು: ಪಕ್ಕದಿಂದ ತೆಗೆದ ಚಿತ್ರ, ಮುಚ್ಚಳ ತೆಗೆದು ಮಿಷನ್ನಿನ ಮೇಲೆ ಒತ್ತಿದ ಅಂಕಿ ಕಾಣುವ ಚಿತ್ರ, ಮತ್ತು ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲೆ ವಾಚಿನ ಬಡಿತವನ್ನು ಅಳೆದ ವಿಡಿಯೊ. ಡಯಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಳೆಯ ಡಯಲಿಗೆ ಹೊಸದಾಗಿ ಬಣ್ಣ ಬಳಿದು, ಅಕ್ಷರಗಳನ್ನು ಮತ್ತೆ ಅಚ್ಚು ಹಾಕಿ, ಎಲ್ಲೆಲ್ಲಿಯದೋ ಬಿಡಿಭಾಗ ಸೇರಿಸಿ ಮಾರುವ ನಮ್ಮ ದೇಶದ ವಾಚುಗಳಿಗೆ ಜಗತ್ತಿನ ಸಂಗ್ರಾಹಕರು ಮುಂಬಯಿ ಸ್ಪೆಷಲ್ ಎಂದೇ ಹೆಸರಿಟ್ಟಿದ್ದಾರೆ. ತೀರ ಹೊಳೆಯುವ ಡಯಲಿಗಿಂತ ಅಂಚಿನಲ್ಲಿ ಸ್ವಲ್ಪ ಮಾಸಿದ, ಆದರೆ ಅಕ್ಷರಗಳ ಅಂಚು ಚೂಪಾಗಿರುವ ಡಯಲೇ ವಾಸಿ. ಚಿನ್ನದ ಲೇಪವಿದ್ದರೆ ಕೇಸಿನ ಮೇಲೆ ಎಯು10 ಅಥವಾ ಎಯು20 ಎಂಬ ಗುರುತು ಇರುತ್ತದೆ. ಅದು ಲೇಪದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಇಪ್ಪತ್ತರದ್ದು ಸಿಕ್ಕಿದರೆ ಬಿಡಬಾರದು, ಏಕೆಂದರೆ ಬೆಲ್ಟು ಕೂರುವ ಕಿವಿಗಳ ತುದಿಯಲ್ಲಿ ಲೇಪ ಸವೆದು ಹಿತ್ತಾಳೆ ಕಾಣುವುದು ಹತ್ತರದ್ದರಲ್ಲಿ ಬೇಗ.

ಬಂದ ವಾಚಿನ ಡಯಲು ಬೆಳ್ಳಿಯ ಬಣ್ಣದ್ದು. ಅದರ ಮೇಲೆ ಅಂಕಿಗಳಿಲ್ಲ. ಗಂಟೆಗೊಂದರಂತೆ ಚಿನ್ನದ ಬಣ್ಣದ ತೆಳ್ಳನೆಯ ಕಡ್ಡಿಗಳಿವೆ. ನಡುವೆ ಮೇಲ್ಗಡೆ ರಷ್ಯನ್ ಲಿಪಿಯಲ್ಲಿ ಹೆಸರು, ಅಡಿಯಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು ಎಂಬ ಸಾಲು. ನಿಮಿಷದ ಮುಳ್ಳಿನ ತುದಿಯನ್ನು ಡಯಲಿನ ಕಡೆಗೆ ಒಂದಿಷ್ಟು ಬಗ್ಗಿಸಿದ್ದಾರೆ. ಗಾಜಿಗೆ ತಾಗದಿರಲೆಂದು ಮಾಡಿದ ಈ ಬಾಗು ಬೆಳಕಿನಲ್ಲಿ ಓರೆಯಾಗಿ ಹಿಡಿದಾಗ ಮಾತ್ರ ಕಾಣುತ್ತದೆ. ಗಾಜು ಅಕ್ರಿಲಿಕ್ಕಿನದು. ಗೀರು ಬೀಳುವುದು ಸುಲಭ, ಮೆತ್ತನೆಯ ಬಟ್ಟೆಗೆ ಪಾಲಿಶ್ ಹಚ್ಚಿ ತಾಳ್ಮೆಯಿಂದ ಉಜ್ಜಿದರೆ ಹೋಗುವುದೂ ಸುಲಭ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರೆ ಗಾಜೂ ಸೇರಿ 7 ಮಿ.ಮೀ.ಗೆ ತುಸು ಕಡಿಮೆ. ಕೀ ಕೂಡ ಕೇಸಿಗೆ ತಕ್ಕಂತೆ ಚಪ್ಪಟೆ. ಉಗುರು ಕತ್ತರಿಸಿದ ದಿನ ಅದನ್ನು ಹೊರಗೆಳೆದು ಗಂಟೆ ಸರಿಪಡಿಸುವುದು ಒಂದು ಸಾಹಸವೇ ಸರಿ.

ತೊಡುವ ಮುನ್ನ ಚಿಕ್ಕಪೇಟೆಯ ಓಣಿಯೊಂದರಲ್ಲಿ ಕೂರುವ ರಿಪೇರಿಯ ಯಜಮಾನರಿಗೆ ತೋರಿಸಿದೆ. ಎಚ್‌ಎಂಟಿಯ ಮಿಷನ್ನುಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ತೆಗೆದವರು ಬಹಳ ಹೊತ್ತು ಏನೂ ಹೇಳಲಿಲ್ಲ; ಆಮೇಲೆ ಚಿಮಟದ ತುದಿಯನ್ನು ಬ್ಯಾಲೆನ್ಸ್ ಚಕ್ರದ ಹತ್ತಿರಕ್ಕೆ ತಂದು, ಅದಕ್ಕೂ ಮೇಲೆ ಸೇತುವೆಯಂತೆ ಅಡ್ಡಲಾಗಿರುವ ಪಟ್ಟಿಗೂ ನಡುವೆ ಇರುವ ಸಂದನ್ನು ನನಗೆ ತೋರಿಸಿದರು. ಹಳೆಯ ಎಣ್ಣೆ ಒಣಗಿ ಅಂಟಾಗಿತ್ತು. ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಕೊಡುವುದಕ್ಕೆ ಒಪ್ಪಿಕೊಂಡರು, ಆದರೆ ಅವಸರ ಮಾಡಕೂಡದೆಂಬ ಕರಾರಿನ ಮೇಲೆ. ತೆಗೆದುಕೊಳ್ಳಲು ಹೋದ ದಿನ ವಾಚನ್ನು ಅಂಗೈಗೆ ಇಡುತ್ತ ಹೇಳಿದರು: “ಕೆಲಸ ಚೆನ್ನಾಗಿದೆ ಸ್ವಾಮಿ, ಆದ್ರೆ ಇದನ್ನ ಕಟ್ಕೊಂಡು ಸ್ಕೂಟರ್ ಗೀಟರ್ ಓಡಿಸ್ಬೇಡಿ. ಬ್ಯಾಲೆನ್ಸ್ ಸ್ಟಾಫ್ ಮುರೀತು ಅಂದ್ರೆ ನನ್ ಹತ್ರ ಇಲ್ಲ, ಬೊಂಬಾಯಲ್ಲೂ ಸಿಗಲ್ಲ.” ಸ್ಟಾಫ್ ಎಂದರೆ ಬ್ಯಾಲೆನ್ಸ್ ಚಕ್ರದ ಅಚ್ಚು. ಪೆಟ್ಟು ತಡೆಯುವ ಏರ್ಪಾಡು ಇದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕರೇ ಹೊರತು ಉತ್ತರ ಕೊಡಲಿಲ್ಲ.

ತೆಳು ವಾಚನ್ನು ಹೊಗಳುವವರೆಲ್ಲ ಶರ್ಟಿನ ತೋಳಿನ ಪಟ್ಟಿಯ ಅಡಿಗೆ ಅದು ಜಾರಿಹೋಗುವ ಸೊಗಸನ್ನು ಹೇಳುತ್ತಾರೆ. ಅದು ಸೂಟು ತೊಡುವ ಚಳಿ ದೇಶದವರ ಮಾತು. ನಾವು ಅರ್ಧ ತೋಳಿನವರು, ಇಲ್ಲವೇ ತುಂಬು ತೋಳನ್ನು ಮೊಳಕೈವರೆಗೆ ಮಡಚುವವರು. ಮದುವೆಯಲ್ಲಿ ಪಂಚೆ, ಜುಬ್ಬ, ಶಲ್ಯ. ನಮಗೆ ತೆಳುತನದ ಲಾಭ ಬೇರೆ. ಎತ್ತರದ ವಾಚು ಮಣಿಕಟ್ಟಿನ ಮೇಲೆ ವಾಲುತ್ತದೆ, ಬೆವರಿದಾಗ ಇನ್ನಷ್ಟು ಜಾರುತ್ತದೆ, ಬಾಗಿಲ ಚೌಕಟ್ಟಿಗೂ ಬಸ್ಸಿನ ಕಂಬಿಗೂ ತಗಲುತ್ತದೆ. ಇದು ಹಾಗಲ್ಲ, ಕಟ್ಟಿದ ಕಡೆಯಲ್ಲೇ ಇರುತ್ತದೆ. ಪಂಕ್ತಿಯಲ್ಲಿ ಕೂತು ಎಲೆಯ ಮೇಲೆ ಕೈ ಚಾಚಿದಾಗಲೂ, ಅಕ್ಷತೆ ಹಾಕಲು ತೋಳೆತ್ತಿದಾಗಲೂ ಅದರ ಭಾರ ಗೊತ್ತಾಗುವುದಿಲ್ಲ. ಆದರೆ ಬೆಲ್ಟು ಸರಿಯಿಲ್ಲದಿದ್ದರೆ ಈ ಸುಖವೆಲ್ಲ ಹಾಳು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಚರ್ಮದ ಬೆಲ್ಟುಗಳ ಒಳಗೆ ಮೆತ್ತೆ ತುಂಬಿರುತ್ತಾರೆ. ಅಂಥದ್ದನ್ನು ಹಾಕಿದರೆ ಬೆಲ್ಟು ವಾಚಿಗಿಂತ ಉಬ್ಬಿ ಕಾಣುತ್ತದೆ, ಅಂಗೈ ಕಡೆ ಬಕಲ್ಲು ಗುಬುಟಾಗಿ ಮೇಜಿಗೆ ಒತ್ತುತ್ತದೆ. ಮೆತ್ತೆಯಿಲ್ಲದ, ಒಂದೇ ಪದರದ, 18 ಮಿ.ಮೀ. ಅಗಲದ ಕಂದು ಚರ್ಮದ ಬೆಲ್ಟನ್ನು ಚಪ್ಪಲಿ ಹೊಲಿಯುವವರಿಂದಲೇ ಅಳತೆ ಕೊಟ್ಟು ಮಾಡಿಸಿದೆ. ವಾಚಿನ ಅಂದ ಅರ್ಧ ಹೆಚ್ಚಿತು.

ನೀರಿಗೆ ಮಾತ್ರ ಇದನ್ನು ತೋರಿಸುವಂತಿಲ್ಲ. ಜೂನ್ ಬಂತೆಂದರೆ ಇದು ಕಪಾಟು ಸೇರುತ್ತದೆ; ಆಗಾಗ ಹೊರತೆಗೆದು ಕೀ ಕೊಡುತ್ತೇನೆ. ಕರಾವಳಿಯ ನೆಂಟರ ಮನೆಗೆ ಹೋಗುವಾಗಲೂ ಒಯ್ಯುವುದಿಲ್ಲ, ಅಲ್ಲಿನ ಸೆಕೆಗೆ ಮುಚ್ಚಳದ ಸಂದಿನಿಂದ ಬೆವರು ಒಳಗಿಳಿದರೆ ಮೊದಲು ತುಕ್ಕು ಹಿಡಿಯುವುದು ಕೀಯ ಕಂಬಿಗೆ. ಸಮಯದ ವಿಷಯದಲ್ಲಿ ಇದು ದಿನಕ್ಕೆ ಅರ್ಧ ನಿಮಿಷದೊಳಗೆ ಮುಂದೆ ಹೋಗುತ್ತದೆ, ರಾತ್ರಿ ಡಯಲ್ ಮೇಲ್ಮುಖವಾಗಿ ಮಲಗಿಸಿದರೆ ಸ್ವಲ್ಪ ಕಡಿಮೆ. ರೈಲು ಹಿಡಿಯುವುದಕ್ಕೆ ಜೇಬಿನ ಫೋನಿದೆ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಟ್ಟರೆ ಮರುದಿನದವರೆಗೆ ನಿಶ್ಚಿಂತೆ. ಸ್ಪ್ರಿಂಗು ಬಿಗಿಯಾದ ಮೇಲೆ ಇನ್ನೊಂದು ಸುತ್ತಿಗೆ ಒತ್ತಾಯ ಮಾಡಬಾರದು, ಕೈಯಲ್ಲಿ ಕಟ್ಟಿಕೊಂಡೇ ಸುತ್ತಬಾರದು, ಏಕೆಂದರೆ ಓರೆಯಾಗಿ ಎಳೆದರೆ ಆ ತೆಳು ಕಂಬಿ ಬಾಗುತ್ತದೆ.

ಯಜಮಾನರ ಎಚ್ಚರಿಕೆ ತಲೆಯಲ್ಲೇ ಉಳಿದಿದ್ದರಿಂದ, ಅದೇ ಮಿಷನ್ನಿನ ಇನ್ನೊಂದು ವಾಚಿಗಾಗಿ ಹುಡುಕಿದೆ. ಡಯಲು ಪೂರ್ತಿ ಕೆಟ್ಟ, ಗಾಜೊಡೆದ, ಆದರೆ ಬ್ಯಾಲೆನ್ಸ್ ಚಕ್ರ ಆಡುವ ಒಂದು 2209, ಮೊದಲಿನ ವಾಚಿನ ಕಾಲು ಭಾಗ ಬೆಲೆಗೆ ಸಿಕ್ಕಿತು. ಅದನ್ನು ಮನೆಗೂ ತರದೆ ನೇರವಾಗಿ ಚಿಕ್ಕಪೇಟೆಗೆ ಒಯ್ದು ಕೊಟ್ಟೆ. ಯಜಮಾನರು ಅದನ್ನು ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ, ಮೇಲೆ ನನ್ನ ಹೆಸರು ಬರೆದು, ಎಚ್‌ಎಂಟಿ ಬಿಡಿಭಾಗಗಳ ಡಬ್ಬಿಗಳ ಪಕ್ಕದಲ್ಲಿಟ್ಟಿದ್ದಾರೆ. ಎರಡೂ ವಾಚು, ಸರ್ವಿಸ್, ಬೆಲ್ಟು ಎಲ್ಲ ಕೂಡಿಸಿದರೂ ಹೊಸ ಜಪಾನೀ ಆಟೊಮ್ಯಾಟಿಕ್ ಒಂದರ ಬೆಲೆಯನ್ನು ನಾನು ಇನ್ನೂ ದಾಟಿಲ್ಲ.